ಯಾವ ಗೆರೆ ಉಳಿಯಬೇಕು? ನಿಧಾನ ಶಟರ್ ಇಟ್ಟು, ಕ್ಯಾಮೆರಾ ಅಲುಗಿಸಿ ಫೋಟೊ ತೆಗೆಯುವ ಬಗೆ

ಮರಗಳು ಸಾಲಾಗಿ ನಿಂತಿರುವ ಒಂದು ಜಾಗಕ್ಕೆ ಹೋಗಿ. ಶಟರ್ ಸ್ಪೀಡ್ ಅರ್ಧ ಸೆಕೆಂಡಿಗೆ ಇಡಿ. ಕ್ಯಾಮೆರಾವನ್ನು ಮೇಲಿನಿಂದ ಕೆಳಕ್ಕೆ ಇಳಿಸುತ್ತಾ ಒಂದು ಫೋಟೊ ತೆಗೆಯಿರಿ. ಆಮೇಲೆ ಅಲ್ಲೇ ನಿಂತು, ಅದೇ ಸೆಟ್ಟಿಂಗ್‌ನಲ್ಲಿ, ಈ ಸಲ ಎಡದಿಂದ ಬಲಕ್ಕೆ ತಿರುಗಿಸುತ್ತಾ ಇನ್ನೊಂದು ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಕಾಂಡಗಳು ಉದ್ದಕ್ಕೆ ಎಳೆದ ಬಣ್ಣದ ಪಟ್ಟಿಗಳಾಗಿರುತ್ತವೆ. ವಿವರ ಒಂದೂ ಇಲ್ಲದಿದ್ದರೂ ಅವು ಮರಗಳೇ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಎರಡನೆಯದರಲ್ಲಿ ಕಾಂಡಗಳೇ ಇರುವುದಿಲ್ಲ. ಹಸಿರು, ಕಂದು ಕಲಸಿಹೋದ ಮಬ್ಬು ಅಷ್ಟೆ.

ಈ ಕಲೆಯ ಮುಕ್ಕಾಲು ಪಾಲು ಈ ಎರಡು ಫೋಟೊಗಳಲ್ಲೇ ಇದೆ. ಕ್ಯಾಮೆರಾ ಯಾವ ದಿಕ್ಕಿಗೆ ಸರಿಯುತ್ತದೋ ಆ ದಿಕ್ಕಿನ ಗೆರೆಗಳು ಉಳಿಯುತ್ತವೆ. ಅದಕ್ಕೆ ಅಡ್ಡವಾಗಿರುವ ಗೆರೆಗಳು ಅಳಿಯುತ್ತವೆ. ನೆಟ್ಟಗಿರುವ ಕಾಂಡದ ಅಂಚು ಮೇಲೆ ಕೆಳಗೆ ಸರಿದಾಗ ತನ್ನ ಮೇಲೆಯೇ ಜಾರುತ್ತದೆ, ಹಾಗಾಗಿ ಅಂಚು ಅಂಚಾಗಿಯೇ ಇರುತ್ತದೆ. ಅಡ್ಡ ಚಾಚಿದ ಕೊಂಬೆಗೆ ಆ ಅನುಕೂಲ ಇಲ್ಲ, ಅದು ಹರಡಿಹೋಗುತ್ತದೆ. ಐಸಿಎಂ (ಇಂಟೆನ್ಶನಲ್ ಕ್ಯಾಮೆರಾ ಮೂವ್‌ಮೆಂಟ್, ಅಂದರೆ ಬೇಕೆಂದೇ ಕ್ಯಾಮೆರಾ ಅಲುಗಿಸುವುದು) ಎಂದು ಕರೆಯುವ ಈ ಬಗೆಯ ಫೋಟೊಗಳನ್ನು ಸುಮ್ನೆ ಕ್ಯಾಮೆರಾ ಅಲ್ಲಾಡಿಸಿದರೆ ಬರುವಂಥವು ಎಂದುಕೊಂಡವರು ಬಹಳ ಜನ ಇದ್ದಾರೆ. ಹಾಗಲ್ಲ. ಬಟನ್ ಒತ್ತುವ ಮೊದಲೇ ಎದುರಿಗಿರುವ ದೃಶ್ಯದಲ್ಲಿ ಯಾವ ಗೆರೆ ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸಬೇಕು. ಮುಂದೆ ಹೇಳುವ ಎಲ್ಲವೂ ಆ ತೀರ್ಮಾನವನ್ನು ಕೈಗೆ ತರುವ ದಾರಿಗಳು.

ಬೆಳಕಿನ ಲೆಕ್ಕ

ನಿಧಾನ ಶಟರ್ ಎಂದರೆ ಬೆಳಕು ಜಾಸ್ತಿ ಹೊತ್ತು ಒಳಗೆ ಬರುತ್ತದೆ ಎಂದರ್ಥ. ಹಗಲಲ್ಲಿ ಇದೇ ಮೊದಲ ತೊಡಕು. ಐಎಸ್‌ಒ ಎಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ, ಅಪರ್ಚರ್ ಎಂದರೆ ಲೆನ್ಸ್‌ನೊಳಗೆ ಬೆಳಕು ಬರುವ ಕಿಂಡಿ; ಎಫ್ ಅಂಕಿ ದೊಡ್ಡದಾದಷ್ಟು ಕಿಂಡಿ ಚಿಕ್ಕದು. ಚೆನ್ನಾಗಿ ಬಿಸಿಲಿರುವಾಗ ಐಎಸ್‌ಒ 100, ಅಪರ್ಚರ್ ಎಫ್/16 ಇಟ್ಟರೆ ಸರಿಯಾದ ಶಟರ್ ಸ್ಪೀಡ್ ಸುಮಾರು 1/100 ಸೆಕೆಂಡ್. ಎಫ್/22ಕ್ಕೆ ಹೋದರೂ 1/50. ನಮಗೆ ಬೇಕಾಗಿರುವುದು 1/8ರಿಂದ 1 ಸೆಕೆಂಡ್‌ವರೆಗಿನ ವೇಗ. ಅಪರ್ಚರ್ ಒಂದರಿಂದಲೇ ಅಲ್ಲಿಗೆ ತಲುಪಲಾಗುವುದಿಲ್ಲ.

ಸುಲಭದ ದಾರಿ ಹೊತ್ತು ನೋಡಿಕೊಂಡು ಹೋಗುವುದು. ಸೂರ್ಯ ಹುಟ್ಟುವ ಮುಂಚಿನ, ಮುಳುಗಿದ ನಂತರದ ಅರ್ಧ ಗಂಟೆ, ದಟ್ಟ ಮೋಡದ ದಿನ, ಗಾಢ ನೆರಳಿನ ಕಾಡು. ಇವುಗಳಲ್ಲಿ ಯಾವ ಫಿಲ್ಟರ್ ಇಲ್ಲದೆಯೂ ಕೆಲಸ ನಡೆಯುತ್ತದೆ. ದಟ್ಟ ಮೋಡವಿದ್ದರೆ ಬಿಸಿಲಿಗಿಂತ ಮೂರು ಸ್ಟಾಪ್‌ನಷ್ಟು ಬೆಳಕು ಕಡಿಮೆ (ಒಂದು ಸ್ಟಾಪ್ ಕಡಿಮೆ ಎಂದರೆ ಬೆಳಕು ಅರ್ಧ), ಎಫ್/22ರಲ್ಲಿ 1/6 ಸೆಕೆಂಡ್ ಸಿಗುತ್ತದೆ. ಕಲಿಯಲು ಅಷ್ಟು ಸಾಕು. ಅಷ್ಟು ಚಿಕ್ಕ ಅಪರ್ಚರ್‌ನಲ್ಲಿ ಫೋಟೊ ಸ್ವಲ್ಪ ಮೊಂಡಾಗುತ್ತದೆ ಎಂಬ ಚಿಂತೆ ಇಲ್ಲಿ ಬೇಡ. ಕ್ಯಾಮೆರಾ ಸರಿದು ಆಗುವ ಮಬ್ಬಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಬಿಸಿಲಲ್ಲೂ ತೆಗೆಯಬೇಕೆಂದರೆ ಎನ್‌ಡಿ ಫಿಲ್ಟರ್ ಬೇಕು, ಅಂದರೆ ಲೆನ್ಸ್‌ನ ಮುಂದೆ ಹಾಕಿ ಬೆಳಕು ತಗ್ಗಿಸುವ ಕಪ್ಪು ಗಾಜು. ಒಂದೇ ಒಂದು ಕೊಳ್ಳುವುದಾದರೆ ಎನ್‌ಡಿ64 ತೆಗೆದುಕೊಳ್ಳಿ. ಅದು ಆರು ಸ್ಟಾಪ್ ಬೆಳಕು ತಡೆಯುತ್ತದೆ. ಬಿಸಿಲಲ್ಲಿ ಎಫ್/11ಕ್ಕೆ 1/200 ಸೆಕೆಂಡ್ ಬರುತ್ತಿದ್ದದ್ದು 1/3ಕ್ಕೆ ಇಳಿಯುತ್ತದೆ, ಮರಗಳಿಗೆ ಹೇಳಿ ಮಾಡಿಸಿದ ವೇಗ. ಮೂರು ಸ್ಟಾಪ್‌ನ ಎನ್‌ಡಿ8 ಬಿಸಿಲಿಗೆ ಸಾಲದೆ ಬರಬಹುದು. ಹತ್ತು ಸ್ಟಾಪ್‌ನ ಎನ್‌ಡಿ1000 ಎಷ್ಟು ಕಪ್ಪೆಂದರೆ ಡಿಎಸ್‌ಎಲ್‌ಆರ್‌ನ ವ್ಯೂಫೈಂಡರ್‌ನಲ್ಲಿ ಏನೂ ಕಾಣುವುದಿಲ್ಲ. ಪೋಲರೈಸರ್ ಎಂಬ ಫಿಲ್ಟರ್ ಈಗಾಗಲೇ ಇದ್ದರೆ ಅದೂ ಒಂದೂವರೆ ಸ್ಟಾಪ್‌ನಷ್ಟು ಬೆಳಕು ತಿನ್ನುತ್ತದೆ, ಜೊತೆಗೆ ಎಲೆಗಳ ಮೇಲಿನ ಬಿಳಿ ಹೊಳಪನ್ನೂ ತೆಗೆಯುತ್ತದೆ. ತಿರುಗಿಸಿ ಹೆಚ್ಚು ಕಡಿಮೆ ಮಾಡುವ ವೇರಿಯಬಲ್ ಎನ್‌ಡಿ ಫಿಲ್ಟರ್‌ಗಳು ಅನುಕೂಲವೇನೋ ಹೌದು. ಆದರೆ ಪೂರ್ತಿ ಕಪ್ಪಿಗೆ ತಿರುಗಿಸಿದಾಗ, ಅದರಲ್ಲೂ ಅಗಲದ ಲೆನ್ಸ್‌ಗಳಲ್ಲಿ, ಫೋಟೊದ ಮೇಲೆ ಗುಣಾಕಾರ ಚಿಹ್ನೆಯಂಥ ಕಪ್ಪು ಕಲೆ ಬರುತ್ತದೆ. ಒಂದೆರಡು ಸ್ಟಾಪ್ ಹಿಂದೆಯೇ ನಿಲ್ಲಿಸಿ.

ಕ್ಯಾಮೆರಾದಲ್ಲಿ ಮಾಡಿಕೊಳ್ಳಬೇಕಾದ್ದು

ಮೋಡ್ ಡಯಲ್ ಅನ್ನು ಶಟರ್ ಪ್ರಯಾರಿಟಿಗೆ ತನ್ನಿ, ಶಟರ್ ನೀವು ಇಟ್ಟರೆ ಅಪರ್ಚರ್ ಅನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ. ಕ್ಯಾನನ್‌ನಲ್ಲಿ ಅದು ಟಿವಿ, ನಿಕಾನ್ ಮತ್ತು ಸೋನಿಯಲ್ಲಿ ಎಸ್. ಐಎಸ್‌ಒ ಅತಿ ಕಡಿಮೆ ಇಡಿ, ಆಟೊ ಐಎಸ್‌ಒ ತೆಗೆದುಬಿಡಿ. ಫೈಲ್ ರಾ (ಕ್ಯಾಮೆರಾ ತಿದ್ದದೆ ಉಳಿಸುವ ಬಗೆ) ಇರಲಿ.

ಇಮೇಜ್ ಸ್ಟೆಬಿಲೈಸೇಶನ್ ಆಫ್ ಮಾಡಿ. ಕೈ ಅಲುಗಿದ್ದನ್ನು ಸರಿಪಡಿಸುವುದೇ ಅದರ ಕೆಲಸ. ನೀವು ಬೇಕೆಂದೇ ಅಲುಗಿಸಿದರೂ ಸ್ವಲ್ಪ ದೂರ ಅದು ನಿಮ್ಮ ವಿರುದ್ಧ ಎಳೆಯುತ್ತದೆ, ಆಮೇಲೆ ಕೈಬಿಡುತ್ತದೆ. ಆ ಎಳೆದಾಟ ಗೆರೆಗಳಲ್ಲಿ ಸಣ್ಣ ಕೊಂಕಾಗಿ ಕಾಣುತ್ತದೆ. ಲೆನ್ಸ್‌ನಲ್ಲೂ ಬಾಡಿಯಲ್ಲೂ ಇದ್ದರೆ ಎರಡನ್ನೂ ನೋಡಿ.

ಫೋಕಸ್ ಒಮ್ಮೆ ಮಾಡಿ ಮ್ಯಾನ್ಯುಯಲ್‌ಗೆ ಬದಲಿಸಿ. ಹೇಗೂ ಮಬ್ಬಾಗುತ್ತದಲ್ಲ, ಫೋಕಸ್ ಯಾಕೆ ಎನ್ನಬಹುದು. ವ್ಯತ್ಯಾಸ ಇದೆ. ಫೋಕಸ್ ಸರಿ ಇದ್ದರೆ ಹುಲ್ಲಿನ ಒಂದೊಂದು ಎಸಳೂ ಕೂದಲೆಳೆಯಷ್ಟು ತೆಳುವಾದ ಗೆರೆ ಬಿಡುತ್ತದೆ. ಫೋಕಸ್ ತಪ್ಪಿದ್ದರೆ ಅವೇ ಎಸಳುಗಳು ಅಗಲವಾದ ಮೆತ್ತನೆ ಪಟ್ಟಿಗಳಾಗುತ್ತವೆ. ಎರಡೂ ಚೆನ್ನ. ಆದರೆ ಯಾವುದು ಎಂದು ನೀವು ಆರಿಸಬೇಕು, ಕ್ಯಾಮೆರಾ ಅಲ್ಲ.

ಬರ್ಸ್ಟ್ ಮೋಡ್ ಹಾಕಿಕೊಳ್ಳಿ. ಬಟನ್ ಒತ್ತುವ ಕ್ಷಣದಲ್ಲಿ ಕೈ ಒಂದಿಷ್ಟು ಕುಲುಕುತ್ತದೆ. ಒತ್ತಿ ಹಿಡಿದು ಮೂರು ನಾಲ್ಕು ಫೋಟೊ ತೆಗೆದರೆ ಎರಡನೆಯದು, ಮೂರನೆಯದು ಆ ಕುಲುಕಿನಿಂದ ತಪ್ಪಿಸಿಕೊಂಡಿರುತ್ತವೆ.

ಮೊದಲ ಅಭ್ಯಾಸ: ಮರಗಳು

ಕಲಿಯಲು ಇದಕ್ಕಿಂತ ಒಳ್ಳೆಯ ವಸ್ತು ನನಗೆ ಗೊತ್ತಿಲ್ಲ. ಗೆರೆಗಳು ನೇರ, ಅವು ಎಲ್ಲಿಗೂ ಓಡಿಹೋಗುವುದಿಲ್ಲ, ತಪ್ಪಾದರೆ ತಕ್ಷಣ ಗೊತ್ತಾಗುತ್ತದೆ. 50ರಿಂದ 100 ಎಂಎಂ ಲೆನ್ಸ್ ಹಾಕಿ. ಕಾಂಡಗಳ ನಡುವೆ ಸ್ವಲ್ಪ ಜಾಗವಿರುವ, ಹಿಂದೆ ಬೇರೆ ಬಣ್ಣವಿರುವ ಕಡೆ ಆರಿಸಿ. ಶಟರ್ 1/2 ಸೆಕೆಂಡ್.

ಕಾಲುಗಳನ್ನು ಅಗಲಿಸಿ ನಿಲ್ಲಿ. ಮೊಣಕೈ ಪಕ್ಕೆಗೆ ಅಂಟಿರಲಿ. ಮಣಿಕಟ್ಟಿನಿಂದ ಕ್ಯಾಮೆರಾ ತಿರುಗಿಸಬೇಡಿ, ಸೊಂಟದಿಂದ ಮೇಲಿನ ಮೈಯನ್ನೇ ಬಾಗಿಸಿ. ಕೈಯೊಂದೇ ತಿರುಗಿದರೆ ಅದು ಕಮಾನಿನಂತೆ ತಿರುಗುತ್ತದೆ, ಕಾಂಡಗಳೂ ಕಮಾನಾಗುತ್ತವೆ. ಈಗ ಮೇಲಿನಿಂದ ಶುರು ಮಾಡಿ ಒಂದೇ ವೇಗದಲ್ಲಿ ಕೆಳಗೆ ಬನ್ನಿ. ಮುಖ್ಯವಾದ ಮಾತು ಇಲ್ಲಿದೆ: ಬಟನ್ ಒತ್ತುವ ಮೊದಲೇ ಕ್ಯಾಮೆರಾ ಚಲಿಸುತ್ತಿರಬೇಕು. ಶಟರ್ ಮುಚ್ಚಿದ ಮೇಲೂ ಚಲಿಸುತ್ತಿರಬೇಕು. ನಿಂತ ಕ್ಯಾಮೆರಾದಿಂದ ಶುರು ಮಾಡಿದರೆ ಮೊದಲ ಕ್ಷಣದ ಸ್ಥಿರ ಚಿತ್ರವೊಂದು ನೆರಳಿನಂತೆ ಅಂಟಿಕೊಳ್ಳುತ್ತದೆ. ಕೊನೆಯಲ್ಲಿ ನಿಲ್ಲಿಸಿದರೆ ಇನ್ನೊಂದು. ಒಂದೇ ಕೊಂಬೆ ಎರಡೆರಡು ಕಡೆ ಕಂಡರೆ ಕಾರಣ ಇದೇ.

ಎಷ್ಟು ಅಲುಗಿಸಬೇಕು? ಇಲ್ಲಿ ಒಂದು ಲೆಕ್ಕ ಕೈಹಿಡಿಯುತ್ತದೆ. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್‌ನ) ಕ್ಯಾಮೆರಾದ ಫೋಟೊ 6000 ಪಿಕ್ಸೆಲ್ ಅಗಲ ಇರುತ್ತದೆ. 50 ಎಂಎಂ ಲೆನ್ಸ್ ಅದರಲ್ಲಿ ಅಡ್ಡಕ್ಕೆ ಸುಮಾರು 27 ಡಿಗ್ರಿ ನೋಡುತ್ತದೆ. ಹಾಗಾದರೆ ಒಂದು ಡಿಗ್ರಿ ಅಲುಗಿದರೆ 220 ಪಿಕ್ಸೆಲ್‌ನಷ್ಟು ಗೆರೆ. ಐದು ಡಿಗ್ರಿ ಅಲುಗಿಸಿದರೆ ಸಾವಿರ ದಾಟುತ್ತದೆ, ಮಲಗಿಸಿ ಹಿಡಿದ ಫ್ರೇಮ್‌ನ ಎತ್ತರದ ಕಾಲು ಭಾಗಕ್ಕೂ ಜಾಸ್ತಿ. ಅದೇ 200 ಎಂಎಂ ಹಾಕಿದರೆ ಒಂದು ಡಿಗ್ರಿಗೇ 900ರ ಹತ್ತಿರ ಹೋಗುತ್ತದೆ. 18 ಎಂಎಂನಲ್ಲಿ ಒಂದು ಡಿಗ್ರಿಗೆ 90ರಷ್ಟೇ. ಅದಕ್ಕೇ ಅಗಲದ ಲೆನ್ಸ್ ಹಾಕಿದಾಗ ಎಷ್ಟು ಅಲುಗಿಸಿದರೂ ಸಾಲದು ಅನ್ನಿಸುವುದು, ಉದ್ದದ ಲೆನ್ಸ್ ಹಾಕಿದಾಗ ಮುಟ್ಟಿದರೆ ಸಾಕು ಎಲ್ಲ ಕಲಸಿಹೋಗುವುದು. ಹೊಸಬರು ಮಾಡುವುದು ಹೆಚ್ಚಾಗಿ ಒಂದೇ, ಬೇಕಾದ್ದಕ್ಕಿಂತ ಎರಡು ಮೂರು ಪಟ್ಟು ಅಲುಗಿಸುತ್ತಾರೆ. ಸ್ವಲ್ಪ ಅಲುಗಿಸಿ, ನೋಡಿ, ಆಮೇಲೆ ಜಾಸ್ತಿ ಮಾಡಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಶಟರ್ ಅನ್ನು 1/8, 1/4, 1/2, 1 ಎಂದು ಬದಲಿಸುತ್ತಾ ಚಲನೆ ಒಂದೇ ಥರ ಇಡಿ. ಆಮೇಲೆ ಶಟರ್ 1/2ಕ್ಕೆ ನಿಲ್ಲಿಸಿ ಚಲನೆಯ ವೇಗ ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಚೆನ್ನಾಗಿ ಬಂದ ಫೋಟೊ ಯಾಕೆ ಚೆನ್ನಾಗಿ ಬಂತು ಎಂದೇ ಗೊತ್ತಾಗುವುದಿಲ್ಲ.

ಇದು ಕೈಗೆ ಹತ್ತಿದ ಮೇಲೆ ಈಗಷ್ಟೇ ಬೇಡ ಎಂದ ನೆರಳನ್ನು ಬೇಕೆಂದೇ ತನ್ನಿ. ಶಟರ್ 1 ಸೆಕೆಂಡ್ ಇಟ್ಟು, ಮೊದಲ ಅರ್ಧ ಸೆಕೆಂಡ್ ಕ್ಯಾಮೆರಾ ಅಲುಗಿಸದೆ ಹಿಡಿಯಿರಿ. ಆಮೇಲೆ ಮೇಲಕ್ಕೆ ಎಳೆಯಿರಿ. ಕಾಂಡದ ತೊಗಟೆ ಮಸುಕಾಗಿ ಕಾಣುತ್ತದೆ, ಅದರ ಮೇಲೆ ಬಣ್ಣ ಹರಿದಿರುತ್ತದೆ. ನನಗೆ ಪೂರ್ತಿ ಅಳಿಸಿದ ಫೋಟೊಗಳಿಗಿಂತ ಇವೇ ಹೆಚ್ಚು ಇಷ್ಟ. ಕಣ್ಣಿಗೆ ಹಿಡಿದುಕೊಳ್ಳಲು ಏನಾದರೊಂದು ಇದ್ದಾಗ ಉಳಿದದ್ದು ಅಳಿದಿರುವುದೂ ಚೆನ್ನಾಗಿ ಕಾಣುತ್ತದೆ.

ಆಕಾಶ ಕಾಂಡವನ್ನು ತಿನ್ನುತ್ತದೆ

ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಹೆಚ್ಚಿನ ಫೋಟೊಗಳು ಕೆಡುವುದು ಇಲ್ಲೇ. ಮರಗಳ ನಡುವೆ ಬಿಳಿ ಆಕಾಶ ಇಣುಕುತ್ತಿದೆ ಎಂದುಕೊಳ್ಳಿ. ಆಕಾಶ ಕಾಂಡಕ್ಕಿಂತ ಐದು ಸ್ಟಾಪ್ ಬೆಳ್ಳಗಿದೆ, ಅಂದರೆ 32 ಪಟ್ಟು. ಕ್ಯಾಮೆರಾ ಸರಿಯುವಾಗ ಸೆನ್ಸರ್‌ನ ಒಂದು ಚುಕ್ಕಿಯ ಮೇಲೆ ಮುಕ್ಕಾಲು ಹೊತ್ತು ಕಾಂಡ ಇತ್ತು, ಕಾಲು ಹೊತ್ತು ಮಾತ್ರ ಆಕಾಶ ಇತ್ತು. ಕಾಂಡದಿಂದ ಬಂದ ಬೆಳಕು ಒಂದಕ್ಕೂ ಕಡಿಮೆ, ಆಕಾಶದಿಂದ ಬಂದದ್ದು ಎಂಟು. ಮುಕ್ಕಾಲು ಹೊತ್ತು ಕಾಂಡವೇ ಇದ್ದರೂ ಆ ಚುಕ್ಕಿ ಬಹುತೇಕ ಆಕಾಶವಾಗಿಬಿಟ್ಟಿತು. ಬೆಳಕು ಕೂಡುತ್ತದೆ, ಕತ್ತಲು ಏನನ್ನೂ ಕಳೆಯುವುದಿಲ್ಲ. ತೆಳ್ಳನೆಯ ಕೊಂಬೆಗಳು, ದೂರದ ಹಕ್ಕಿಗಳು, ತಂತಿಗಳು ಬೆಳ್ಳನೆ ಆಕಾಶದ ಎದುರು ಮಾಯವಾಗುವುದು ಹೀಗೆ.

ಹಾಗಾಗಿ ಫ್ರೇಮ್ ನೋಡುವಾಗ ಮೊದಲು ಬಿಳಿ ತೂತುಗಳನ್ನು ಹುಡುಕಿ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ, ಸ್ವಲ್ಪ ಎತ್ತರದ ದಿಣ್ಣೆಯಿಂದ ಕೆಳಮುಖವಾಗಿ ನೋಡಿದರೆ ಅವು ತಪ್ಪುತ್ತವೆ. ಚಲನೆಯ ದಾರಿಯನ್ನೂ ನೋಡಿಕೊಳ್ಳಿ. ಶುರುವಿನ ಫ್ರೇಮ್‌ನಲ್ಲಿ ಆಕಾಶ ಇಲ್ಲದಿದ್ದರೂ ಕೈ ಮೇಲೆ ಹೋಗುವಾಗ ಬಂದು ಸೇರಿಕೊಳ್ಳಬಹುದು. ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ಹೇಳಿದ್ದಕ್ಕಿಂತ ಅರ್ಧ ಸ್ಟಾಪ್ ಕಡಿಮೆ ಇಟ್ಟು, ಕಪ್ಪಿನಿಂದ ಬಿಳಿಯವರೆಗೆ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್‌ನ ಬಲತುದಿ ಗೋಡೆಗೆ ಬಡಿಯದಂತೆ ನೋಡಿಕೊಳ್ಳುವುದು ಒಳ್ಳೆಯದು. ಕಪ್ಪು ಕಾಂಡಕ್ಕಿಂತ ಬಿಳಿ ತೊಗಟೆಯ ಮರ, ಕಪ್ಪು ಹಿನ್ನೆಲೆ ಸಿಕ್ಕಿದರೆ ಬಿಡಬೇಡಿ. ಅಲ್ಲಿ ಇದೇ ಲೆಕ್ಕ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ.

ನೀರು, ದಿಗಂತ

ಸಮುದ್ರ, ಕೆರೆ, ಬಯಲು. ಇಲ್ಲಿ ಉಳಿಯಬೇಕಾದ ಗೆರೆ ದಿಗಂತ, ಹಾಗಾಗಿ ಚಲನೆ ಅಡ್ಡಕ್ಕೆ. 1/4ರಿಂದ 1/2 ಸೆಕೆಂಡ್ ಸಾಕು. ಇನ್ನೂ ಉದ್ದ ಮಾಡಿದರೆ ಅಲೆಗಳ ಬಿಳಿ ನೊರೆಯೂ ಪೂರ್ತಿ ಅಳಿದು ಬಣ್ಣದ ಮೂರು ಪಟ್ಟಿ ಮಾತ್ರ ಉಳಿಯುತ್ತದೆ. ಕೈ ಒಂದಿಷ್ಟು ಓರೆಯಾದರೂ ದಿಗಂತ ದಪ್ಪವಾಗುತ್ತದೆ. ಟ್ರೈಪಾಡ್ ಇದ್ದರೆ ಮಟ್ಟ ನೋಡಿ ನಿಲ್ಲಿಸಿ, ಅಡ್ಡ ತಿರುಗುವ ಹಿಡಿಯನ್ನು ಮಾತ್ರ ಸಡಿಲಿಸಿ ತಿರುಗಿಸಿ.

ಓಡುವುದರ ಜೊತೆ ಓಡುವುದು

ಪ್ಯಾನಿಂಗ್ ಎಂದರೆ ಓಡುವುದನ್ನು ಕ್ಯಾಮೆರಾ ತಿರುಗಿಸುತ್ತಾ ಹಿಂಬಾಲಿಸುವುದು. ಅದರಲ್ಲೂ ನಿಯಮ ಅದೇ, ಉಳಿಯಬೇಕಾದ್ದು ಮಾತ್ರ ಬೇರೆ. ಓಡುತ್ತಿರುವ ಸೈಕಲ್‌ನ ಜೊತೆಗೆ ಕ್ಯಾಮೆರಾ ಅದೇ ವೇಗದಲ್ಲಿ ತಿರುಗಿದರೆ ಸೆನ್ಸರ್‌ನ ಮಟ್ಟಿಗೆ ಸೈಕಲ್ ನಿಂತೇ ಇದೆ, ಹಿನ್ನೆಲೆ ಓಡುತ್ತಿದೆ. ಕಾರಿಗೆ 1/60, ಸೈಕಲ್‌ಗೆ 1/30, ಓಡುವ ಮನುಷ್ಯನಿಗೆ 1/15 ಇಟ್ಟು ಶುರು ಮಾಡಿ. ಸೈಕಲ್ ಹೋಗಿ ಮುಟ್ಟುವ ಕಡೆಗೆ ಪಾದಗಳನ್ನು ತಿರುಗಿಸಿ ನಿಲ್ಲಿ, ಅದು ಬರುವ ಕಡೆಗೆ ಸೊಂಟ ತಿರುಚಿ ಕಾಯಿರಿ. ಆಗ ಅದು ಎದುರಿಗೆ ಬರುವ ಹೊತ್ತಿಗೆ ಮೈ ಸಡಿಲವಾಗಿರುತ್ತದೆ, ಬಿಗಿಯಲ್ಲ. ದೂರದಿಂದಲೇ ಅದನ್ನು ಫ್ರೇಮ್‌ನ ಒಂದೇ ಜಾಗದಲ್ಲಿ ಹಿಡಿದುಕೊಂಡು ಬನ್ನಿ, ಎದುರಿಗೆ ಬಂದಾಗ ಒತ್ತಿ, ಒತ್ತಿದ ಮೇಲೂ ಹಿಂಬಾಲಿಸಿ. ನಿಮ್ಮ ಲೆನ್ಸ್‌ನಲ್ಲಿ ಸ್ಟೆಬಿಲೈಸೇಶನ್‌ಗೆ ಮೋಡ್ 2 ಇದ್ದರೆ ಇಲ್ಲಿ ಅದನ್ನು ಬಳಸಬಹುದು. ಅದು ಅಡ್ಡ ಚಲನೆಯನ್ನು ಅದರ ಪಾಡಿಗೆ ಬಿಟ್ಟು, ಮೇಲೆ ಕೆಳಗಿನ ನಡುಕವನ್ನು ಮಾತ್ರ ತಡೆಯುತ್ತದೆ.

ಫ್ರಾನ್ಸಿನ ಜಾಕ್ ಆನ್ರಿ ಲಾರ್ತಿಗ್ 1910ರ ದಶಕದ ಆರಂಭದಲ್ಲಿ ತೆಗೆದ ರೇಸ್ ಕಾರಿನ ಫೋಟೊವೊಂದಿದೆ. ಕಾರಿನ ಚಕ್ರ ಮುಂದಕ್ಕೆ ವಾಲಿದ ಮೊಟ್ಟೆಯಂತಿದೆ, ಹಿಂದೆ ನಿಂತ ಪ್ರೇಕ್ಷಕರು ಎದುರು ದಿಕ್ಕಿಗೆ ವಾಲಿದ್ದಾರೆ. ಲಾರ್ತಿಗ್ ಅವರ ಕ್ಯಾಮೆರಾದ ಶಟರ್ ಒಂದು ಸೀಳು, ಅದು ಇಡೀ ಪ್ಲೇಟ್ ದಾಟಲು ಹೊತ್ತು ತೆಗೆದುಕೊಳ್ಳುತ್ತಿತ್ತು. ಅವರು ಕಾರಿನ ಜೊತೆ ಕ್ಯಾಮೆರಾ ತಿರುಗಿಸಿದರು, ಆದರೆ ಕಾರಿನಷ್ಟು ವೇಗವಾಗಿ ಅಲ್ಲ. ಕಾರು ಮುಂದೆ ಜಾರಿತು, ಜನ ಹಿಂದೆ ಜಾರಿದರು. ಲೆಕ್ಕ ತಪ್ಪಿದ ಪ್ಯಾನಿಂಗ್‌ಗೂ ಅದರದೇ ಬಲ ಇರಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

1950ರ ದಶಕದಲ್ಲಿ ಛಾಯಾಗ್ರಾಹಕ ಅರ್ನ್ಸ್ಟ್ ಹಾಸ್ ಗೂಳಿಕಾಳಗದ ಫೋಟೊಗಳನ್ನು ಬಣ್ಣದಲ್ಲಿ ಹೀಗೆಯೇ ತೆಗೆದರು. ಆಗಿನ ಕೊಡಾಕ್ರೋಮ್ ಫಿಲ್ಮ್‌ನ ವೇಗ ಎಎಸ್‌ಎ 10. ಇವತ್ತಿನ ಐಎಸ್‌ಒ 100ಕ್ಕಿಂತ ಮೂರು ಸ್ಟಾಪ್‌ಗೂ ಜಾಸ್ತಿ ನಿಧಾನ. ಅವರ ಫೋಟೊಗಳಲ್ಲಿ ಗೂಳಿಯೂ ಪೂರ್ತಿ ಚೂಪಾಗಿಲ್ಲ, ಹಿನ್ನೆಲೆಯೂ ಇಲ್ಲ. ಎರಡೂ ಹರಿಯುತ್ತವೆ, ಆದರೂ ಗೂಳಿಯ ಬೆನ್ನಿನ ತಿರುವು ತಪ್ಪುವುದಿಲ್ಲ. 1/30 ಸಲೀಸಾದ ಮೇಲೆ 1/8ಕ್ಕೆ ಇಳಿದು ನೋಡಿ. ಹೆಚ್ಚಿನವು ಕೆಡುತ್ತವೆ, ಉಳಿದ ಒಂದಕ್ಕಾಗಿ ಅದು ತಕ್ಕ ಬೆಲೆಯೇ.

ರಾತ್ರಿ ದೀಪಗಳು

ರಾತ್ರಿ ಆಟ ತಲೆಕೆಳಗಾಗುತ್ತದೆ. ಹಿನ್ನೆಲೆ ಕಪ್ಪು, ಅದು ಫೋಟೊಗೆ ಏನನ್ನೂ ಕೂಡಿಸುವುದಿಲ್ಲ. ಒಂದೊಂದು ದೀಪವೂ ಪೆನ್ನಿನ ಮೊನೆಯಂತೆ ಕೈಯ ಚಲನೆಯನ್ನು ಬರೆಯುತ್ತದೆ, ಮತ್ತು ಎಲ್ಲ ದೀಪಗಳೂ ಒಂದೇ ಆಕಾರ ಬರೆಯುತ್ತವೆ. ಎಫ್/11, ಐಎಸ್‌ಒ 100, 1ರಿಂದ 4 ಸೆಕೆಂಡ್.

ಎರಡು ಸಂಗತಿ ಗಮನಿಸಿ. ಶಟರ್ ಉದ್ದ ಮಾಡಿದರೆ ಗೆರೆ ಉದ್ದವಾಗುತ್ತದೆಯೇ ಹೊರತು ಹೊಳಪು ಜಾಸ್ತಿಯಾಗುವುದಿಲ್ಲ, ಯಾಕೆಂದರೆ ದೀಪ ಒಂದೊಂದು ಪಿಕ್ಸೆಲ್ ಮೇಲೆ ಕ್ಷಣ ಮಾತ್ರ ಇರುತ್ತದೆ. ಗೆರೆಯ ಹೊಳಪನ್ನು ನಿರ್ಧರಿಸುವುದು ಅಪರ್ಚರ್, ಐಎಸ್‌ಒ ಮತ್ತು ನಿಮ್ಮ ಕೈಯ ವೇಗ. ತಿರುವಿನಲ್ಲಿ ಕೈ ನಿಧಾನವಾದರೆ ಅಲ್ಲಿ ಗೆರೆ ದಪ್ಪಗೆ ಬೆಳಗುತ್ತದೆ.

ಇನ್ನೊಂದು, ಕೆಲವು ದೀಪಗಳ ಗೆರೆ ತುಂಡು ತುಂಡಾಗಿ, ಚುಕ್ಕಿಗಳ ಸಾಲಾಗಿ ಬರುತ್ತದೆ. ಕ್ಯಾಮೆರಾ ಕೆಟ್ಟಿಲ್ಲ. 50 ಹರ್ಟ್ಸ್ ಕರೆಂಟಿನಲ್ಲಿ ಉರಿಯುವ ಎಷ್ಟೋ ಎಲ್‌ಇಡಿ, ಟ್ಯೂಬ್‌ಲೈಟ್‌ಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಅರ್ಧ ಸೆಕೆಂಡ್‌ನಲ್ಲಿ 50 ಚುಕ್ಕಿ. ನಿಂತು ನೋಡುವ ಕಣ್ಣಿಗೆ ಇದು ತಿಳಿಯುವುದಿಲ್ಲ, ಸರಿಯುವ ಕ್ಯಾಮೆರಾಗೆ ತಿಳಿಯುತ್ತದೆ. ಹಳೆಯ ತಂತಿ ಬಲ್ಬಿನ ತಂತಿ ಅಷ್ಟು ಬೇಗ ತಣ್ಣಗಾಗುವುದಿಲ್ಲ, ಅದರ ಗೆರೆ ಕಡಿಯದೆ ಬರುತ್ತದೆ. ಎರಡು ಬಗೆಯ ದೀಪಗಳಿರುವ ಜಾಗ ಸಿಕ್ಕರೆ ಒಂದೇ ಫೋಟೊದಲ್ಲಿ ಎರಡೂ ಬಗೆಯ ಗೆರೆ ಸಿಗುತ್ತವೆ.

ಜೂಮ್ ಲೆನ್ಸ್ ಇದ್ದರೆ ಟ್ರೈಪಾಡ್ ಮೇಲಿಟ್ಟು, 1 ಸೆಕೆಂಡ್‌ನ ಮೊದಲರ್ಧ ಸುಮ್ಮನಿದ್ದು, ಆಮೇಲೆ ಜೂಮ್ ರಿಂಗ್ ತಿರುಗಿಸಿ. ಗೆರೆಗಳು ನಡುವಿನಿಂದ ಹೊರಕ್ಕೆ ಚಿಮ್ಮುತ್ತವೆ. ಕ್ಯಾಮೆರಾವನ್ನೇ ಲೆನ್ಸ್‌ನ ಸುತ್ತ ತಿರುಗಿಸಿದರೆ ನಡುವಿನದು ಉಳಿದು ಸುತ್ತಲಿನದು ವೃತ್ತವಾಗುತ್ತದೆ. ಎರಡರಲ್ಲೂ ಮುಖ್ಯ ವಸ್ತು ಸರಿಯಾಗಿ ಮಧ್ಯದಲ್ಲಿರಬೇಕು. ಈ ಎರಡೂ ಬೇಗ ಬೇಸರ ತರಿಸುವ ತಂತ್ರಗಳು, ಅಪರೂಪಕ್ಕೆ ಬಳಸಿ. ಕುಣಿಯುವ ಜನರನ್ನು ತೆಗೆಯುವಾಗ ಮಾತ್ರ ಫ್ಲ್ಯಾಷ್ ಸೇರಿಸಿ ನೋಡಿ. ಶಟರ್ 1/8, ಫ್ಲ್ಯಾಷ್ ರಿಯರ್ ಕರ್ಟನ್‌ಗೆ. ಶಟರ್ ಮುಚ್ಚುವ ಮುನ್ನ ಬೆಳಗುವುದರಿಂದ ವ್ಯಕ್ತಿ ಚೂಪಾಗಿ ನಿಲ್ಲುತ್ತಾರೆ, ಗೆರೆಗಳು ಅವರ ಹಿಂದೆ ಬರುತ್ತವೆ.

ಫೋನಿನಲ್ಲಿ ತೆಗೆಯುವವರು ಪ್ರೊ ಮೋಡ್ ಅಥವಾ ಶಟರ್ ಬದಲಿಸಲು ಬಿಡುವ ಆ್ಯಪ್ ಬಳಸಿ, ಮುಸ್ಸಂಜೆ ಕಳೆದ ಮೇಲೆ ತೆಗೆಯಿರಿ. ಹೆಚ್ಚಿನ ಫೋನ್‌ಗಳಲ್ಲಿ ಅಪರ್ಚರ್ ಬದಲಿಸಲು ಬರುವುದಿಲ್ಲ, ಹಗಲಲ್ಲಿ ಫಿಲ್ಟರ್ ಇಲ್ಲದೆ ಆಗದ ಮಾತು. ನೈಟ್ ಮೋಡ್ ಬೇಡ. ಅದು ಹಲವು ಚಿತ್ರಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿ ನಿಮ್ಮ ಚಲನೆಯನ್ನೇ ಅಳಿಸಲು ನೋಡುತ್ತದೆ.

ಮನೆಗೆ ಬಂದ ಮೇಲೆ

ಫೋಟೊಗಳನ್ನು ಮೊದಲು ಚಿಕ್ಕದಾಗಿ, ಹೆಬ್ಬೆರಳಿನ ಗಾತ್ರದಲ್ಲಿ ನೋಡಿ. ಆ ಗಾತ್ರದಲ್ಲಿ ಆಕಾರ ನಿಲ್ಲದ ಫೋಟೊ ದೊಡ್ಡದಾದರೂ ನಿಲ್ಲುವುದಿಲ್ಲ. ಕ್ಯಾಮೆರಾ ಶಟರ್, ಅಪರ್ಚರ್ ಎಲ್ಲ ಫೈಲ್‌ನಲ್ಲಿ ಬರೆದಿಡುತ್ತದೆ, ಕೈ ಹೇಗೆ ಸರಿಯಿತು ಎಂಬುದನ್ನು ಬರೆಯುವುದಿಲ್ಲ. ಅದಕ್ಕೇ ತೆಗೆಯುವಾಗಲೇ ಫೋನಿನಲ್ಲಿ ಒಂದು ಸಾಲು ಹೇಳಿ ರೆಕಾರ್ಡ್ ಮಾಡಿಕೊಳ್ಳಿ. ಚೆನ್ನಾಗಿ ಬಂದದ್ದನ್ನು ಮತ್ತೆ ತೆಗೆಯಬೇಕೆಂದರೆ ಬೇಕಾಗುವುದು ಅದೇ.

ಬೆಳಕು ಕತ್ತಲು ಬೆರೆತು ಸರಾಸರಿಯಾಗಿರುವುದರಿಂದ ರಾ ಫೈಲ್ ಸಪ್ಪೆಯಾಗಿ ಕಾಣುತ್ತದೆ. ಕಾಂಟ್ರಾಸ್ಟ್ ಏರಿಸಲು ಹಿಂಜರಿಯಬೇಡಿ, ಮಾಮೂಲಿ ಫೋಟೊಗಿಂತ ಎರಡು ಪಟ್ಟು ಬೇಕಾಗಬಹುದು. ಬಣ್ಣದ ಸ್ಯಾಚುರೇಶನ್ ಮಾತ್ರ ಕೊನೆಗೆ ಮುಟ್ಟಿ, ಕಾಂಟ್ರಾಸ್ಟ್ ಏರಿದಾಗ ಅದೂ ಅರ್ಧ ಏರಿರುತ್ತದೆ. ಎನ್‌ಡಿ ಫಿಲ್ಟರ್ ಬಿಟ್ಟ ಬಣ್ಣದ ಛಾಯೆಯನ್ನು ವೈಟ್ ಬ್ಯಾಲೆನ್ಸ್‌ನಲ್ಲಿ ತೆಗೆಯಿರಿ.

ಕೊನೆಗೆ ಧೂಳು. ದೃಶ್ಯವೆಲ್ಲ ಹರಿದು ಮಬ್ಬಾಗಿರುತ್ತದೆ, ಆದರೆ ಸೆನ್ಸರ್ ಮೇಲೆ ಕೂತ ಧೂಳಿನ ಕಣ ಕ್ಯಾಮೆರಾದ ಜೊತೆಗೇ ಸರಿಯುತ್ತದೆ, ಹಾಗಾಗಿ ಇದ್ದಲ್ಲೇ ದುಂಡಗೆ ನಿಂತಿರುತ್ತದೆ. ಎಫ್/16, ಎಫ್/22ರಲ್ಲಿ ಅದು ಇನ್ನೂ ಗಟ್ಟಿಯಾಗಿ ಕಾಣುತ್ತದೆ. ನೂರು ಪರ್ಸೆಂಟ್‌ಗೆ ದೊಡ್ಡದು ಮಾಡಿ, ಮೇಲಿನ ಎಡ ಮೂಲೆಯಿಂದ ಶುರು ಮಾಡಿ ಸಾಲು ಸಾಲಾಗಿ ನೋಡುತ್ತಾ ಒಂದೊಂದನ್ನೇ ಅಳಿಸಿ. ಪ್ರಿಂಟ್ ಹಾಕಿಸುವ ಫೋಟೊಗಾದರೂ ಇದನ್ನು ಬಿಡಬೇಡಿ.